ಹಾರ್ಲೆಮ್‌ನಿಂದ ಬಿಜಾಪುರಕ್ಕೆ: ಪರದೇಶಿಗಳು ಕಟ್ಟಿದ ರಾಜಧಾನಿ

ಯುರೋಪಿನಲ್ಲಿರುವ ನಮ್ಮ ಮಂದಿಗೆ ರಜೆ ಸಿಕ್ಕಿತೆಂದರೆ ರಾಜಧಾನಿಗಳ ಲೆಕ್ಕ ಶುರು. ಪ್ಯಾರಿಸ್ ಆಯ್ತು, ರೋಮ್ ಆಯ್ತು, ಪ್ರಾಗ್ ಮುಂದಿನ ಈಸ್ಟರ್‌ಗೆ. ಹೂಫ್‌ಡಾರ್ಪಿನವರಿಗಂತೂ ಸ್ಕಿಪೋಲ್ ವಿಮಾನ ನಿಲ್ದಾಣ ಮನೆಯ ಹಿತ್ತಲಿದ್ದ ಹಾಗೆ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಹೊರಟರೆ ಶನಿವಾರ ಬೆಳಿಗ್ಗೆ ಯಾವುದೋ ಅರಮನೆಯ ಮುಂದೆ ಸಾಲಿನಲ್ಲಿ ನಿಂತಿರುತ್ತೇವೆ. ಊರಿಗೆ ಹೋದಾಗ ಮಾತ್ರ ರಜೆಯೆಲ್ಲ ಮದುವೆ, ಗೃಹಪ್ರವೇಶ, ಬ್ಯಾಂಕಿನ ಕೆವೈಸಿ, ಹಲ್ಲಿನ ಡಾಕ್ಟರು ಅಂತಲೇ ಮುಗಿದುಹೋಗುತ್ತದೆ. ಕಳೆದ ಡಿಸೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಅದರಲ್ಲೇ ಮೂರು ದಿನ ಉಳಿಸಿಕೊಂಡು ನಮ್ಮ ನಾಡಿನ ಒಂದು ಹಳೆಯ ರಾಜಧಾನಿ ನೋಡಿ ಬಂದೆವು: ವಿಜಯಪುರ, ಅಂದರೆ ನಮ್ಮ ಹಳೆಯ ಬಿಜಾಪುರ. ನಾನು ತುಮಕೂರಿನವನು, ಅವಳು ಶಿವಮೊಗ್ಗದವಳು. ಗೋಲ್ ಗುಂಬಜ್ ಅನ್ನು ಇಬ್ಬರೂ ಅಲ್ಲಿಯವರೆಗೆ ನೋಡಿದ್ದು ಶಾಲೆಯ ಪಠ್ಯಪುಸ್ತಕದಲ್ಲಿ.

ಯಾವ ಬಸ್ಸು, ಯಾವ ಹೋಟೆಲು, ಎಷ್ಟು ಖರ್ಚು ಎಂಬ ಪ್ರವಾಸ ಕಥನ ಇದಲ್ಲ. ಅಲ್ಲಿಗೆ ಹೋಗಲು ನಮಗೊಂದು ಕಾರಣವಿತ್ತು. ಆ ಕಾರಣ ಹುಟ್ಟಿದ್ದು ಹಾರ್ಲೆಮ್‌ನಲ್ಲಿ, ನಮ್ಮ ಮನೆಯಿಂದ 300ನೇ ನಂಬರ್ ಬಸ್ ಹತ್ತಿದರೆ ಸಿಗುವ ಊರಿನಲ್ಲಿ.

ಹಾರ್ಲೆಮ್‌ನಿಂದ ಹೊರಟವನು

ಹಾರ್ಲೆಮ್‌ನ ಫ್ರಾನ್ಸ್ ಹಾಲ್ಸ್ ಮ್ಯೂಸಿಯಂ ನೋಡಿದವರಿಗೆ ವಿಲ್ಲೆಮ್ ಕ್ಲಾಸ್ ಹೇಡಾ ಎಂಬ ಚಿತ್ರಕಾರನ ಹೆಸರು ನೆನಪಿರಬಹುದು. ಮೇಜಿನ ಮೇಲೆ ಅರ್ಧ ಸುಲಿದ ನಿಂಬೆಹಣ್ಣು, ಬೆಳ್ಳಿಯ ಲೋಟ, ಗಾಜಿನ ಬಟ್ಟಲು, ಉಳಿದ ಬ್ರೆಡ್ಡು, ಇಂಥ ಚಿತ್ರಗಳಿಗೆ ಅವನು ಹೆಸರುವಾಸಿ. ಅವನ ಮನೆತನದಲ್ಲೇ ಇನ್ನೊಬ್ಬ ಚಿತ್ರಕಾರನಿದ್ದ, ಕಾರ್ನೆಲಿಸ್ ಕ್ಲಾಸ್ ಹೇಡಾ. ಈ ಕಾರ್ನೆಲಿಸ್ ಕೆಲಸ ಹುಡುಕಿಕೊಂಡು ಹಾರ್ಲೆಮ್ ಬಿಟ್ಟು ಪ್ರಾಗ್‌ಗೆ ಹೋದ. ಅಲ್ಲಿ ಆಗ ಚಕ್ರವರ್ತಿ ಎರಡನೇ ರುಡಾಲ್ಫನ ಆಸ್ಥಾನ. ಯುರೋಪಿನ ಮೂಲೆಮೂಲೆಯ ಕಲಾವಿದರು, ಜ್ಯೋತಿಷಿಗಳು, ವಿಜ್ಞಾನಿಗಳು ಅಲ್ಲಿ ಸೇರಿದ್ದರು. ಅಲ್ಲಿಂದ ಪರ್ಷಿಯಾದ ಷಾ ಅಬ್ಬಾಸನ ಕಡೆಗೆ ಹೊರಟ. ಪರ್ಷಿಯಾ ಮುಟ್ಟಲಿಲ್ಲ. ಪೋರ್ಚುಗೀಸರ ಗೋವೆಯ ಹಾದಿಯಾಗಿ ಬಂದು ಸುಮಾರು 1610ರಲ್ಲಿ ಬಿಜಾಪುರ ಸೇರಿದ. ಎರಡನೇ ಇಬ್ರಾಹಿಂ ಆದಿಲ್ ಷಾಹನ ಆಸ್ಥಾನದಲ್ಲಿ ಚಿತ್ರಕಾರನಾಗಿ ಕೆಲಸಕ್ಕೆ ನಿಂತ. ಹನ್ನೆರಡು ವರ್ಷ ಅಲ್ಲೇ ಇದ್ದ. 1622ರಲ್ಲಿ ಅಲ್ಲೇ ತೀರಿಕೊಂಡ. ಹಾರ್ಲೆಮ್‌ಗೆ ಮರಳಲಿಲ್ಲ.

ಇದನ್ನು ಓದಿದ ದಿನ ನನ್ನ ಹೆಂಡತಿ ಕೇಳಿದ ಪ್ರಶ್ನೆ ಒಂದೇ: "ನಾವು ಕರ್ನಾಟಕದಿಂದ ಇಲ್ಲಿಗೆ ಬಂದಿದೀವಿ. ನಾನೂರು ವರ್ಷದ ಹಿಂದೆ ಇಲ್ಲಿಯವನು ಅಲ್ಲಿಗೆ ಹೋಗಿದ್ದ. ಆ ಊರಿನಲ್ಲಿ ಅಂಥದ್ದೇನಿತ್ತು?"

ಒಳ್ಳೆ ಪ್ರಶ್ನೆ. ಹೇಡಾ ಹಾರ್ಲೆಮ್ ಬಿಟ್ಟಾಗ ನಮ್ಮ ಹೂಫ್‌ಡಾರ್ಪ್ ಎಂಬ ಊರೇ ಇರಲಿಲ್ಲ. ನಾವು ದಿನಾ ಸೈಕಲ್ ತುಳಿಯುವ ಈ ನೆಲವೆಲ್ಲ ಹಾರ್ಲೆಮ್ಮರ್‌ಮೇರ್ ಎಂಬ ದೊಡ್ಡ ಸರೋವರದ ತಳ. ಮೂರು ದೊಡ್ಡ ಉಗಿಯಂತ್ರದ ಪಂಪುಗಳಿಂದ 1849ರಿಂದ 1852ರವರೆಗೆ ನೀರೆತ್ತಿ ಸರೋವರವನ್ನು ಬರಿದು ಮಾಡಿದರು. ಅದರಲ್ಲೊಂದು ಪಂಪುಮನೆ ಈಗ ಕ್ರುಕ್ವಿಯಸ್ ಮ್ಯೂಸಿಯಂ ಆಗಿದೆ, ಮಕ್ಕಳನ್ನು ಕರೆದುಕೊಂಡು ನೀವೂ ಹೋಗಿರುತ್ತೀರಿ. 1853ರಲ್ಲಿ ಇಲ್ಲಿ ಊರು ಶುರುವಾಗಿ, 1868ರಲ್ಲಿ ಹೂಫ್‌ಡಾರ್ಪ್ ಎಂಬ ಹೆಸರು ಬಂತು. ನಾವಿರುವ ಊರು ನೀರಿನಡಿಯಲ್ಲಿದ್ದ ಕಾಲಕ್ಕೆ ಬಿಜಾಪುರ ಪ್ರಪಂಚದ ಜನ ಕೆಲಸಕ್ಕೆಂದು ಬರುತ್ತಿದ್ದ ಊರಾಗಿತ್ತು.

ಗೋಲ್ ಗುಂಬಜ್ ಎಕ್ಸ್‌ಪ್ರೆಸ್ಸನ್ನು ಬೆಂಗಳೂರಿನಲ್ಲಿ ಸಂಜೆ ಹತ್ತಿದೆವು. ಬೆಳಗಾಗುವ ಹೊತ್ತಿಗೆ ಕಿಟಕಿಯಾಚೆ ಕಪ್ಪು ನೆಲ, ಜೋಳದ ಹೊಲ. ಊರು ಹತ್ತಿರ ಬರುವಾಗ ದೂರದಿಂದಲೇ ಗುಮ್ಮಟ ಕಾಣಿಸಿತು. ಸ್ಟೇಷನ್ ಹೊರಗೆ ವಯಸ್ಸಾದ ಟಾಂಗಾವಾಲಾ ಒಬ್ಬರು ಸಿಕ್ಕರು. ಮೂರು ದಿನಕ್ಕೂ ಅವರನ್ನೇ ಮಾತಾಡಿಕೊಂಡೆವು. ನಾವು ಅವರನ್ನು ಚಾಚಾ ಅಂದೆವು, ಅವರು ನನ್ನ ಹೆಂಡತಿಯನ್ನು ಅಕ್ಕಾರ ಅಂದರು.

ಬಂದವರ ಊರು

ಬಿಜಾಪುರದ ಇತಿಹಾಸ ಅಂದರೆ ನಮಗೆ ಶಾಲೆಯಲ್ಲಿ ಕಲಿಸಿದ್ದು ಸುಲ್ತಾನರ ಪಟ್ಟಿ ಮತ್ತು ಯುದ್ಧಗಳ ಪಟ್ಟಿ. ಆದರೆ ಕೆಲಸಕ್ಕಾಗಿ ಪರದೇಶಕ್ಕೆ ಬಂದವರ ಕಣ್ಣಿನಿಂದ ಆ ಊರು ನೋಡಿದರೆ ಬೇರೆಯೇ ಕತೆ ಕಾಣುತ್ತದೆ.

ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಖಾನನೇ ಹೊರಗಿನವನು. ಸಮುದ್ರ ದಾಟಿ ಬಂದು, ಬೀದರಿನ ಬಹಮನಿ ಸುಲ್ತಾನರ ಸೇವೆಯಲ್ಲಿ ಮೇಲೇರಿ, ಸುಮಾರು 1490ರಲ್ಲಿ ಬಿಜಾಪುರದಲ್ಲಿ ತನ್ನದೇ ರಾಜ್ಯ ಸ್ಥಾಪಿಸಿದ. ಅವನಿಗೆ ಮೊದಲು ಬೀದರಿನಲ್ಲಿ ಮಂತ್ರಿಯಾಗಿದ್ದ ಮಹಮೂದ್ ಗವಾನ್ ಇರಾನಿನ ಗಿಲಾನ್ ಪ್ರಾಂತ್ಯದವನು. ಇವತ್ತು ನಾವು ಈ ಕಾಲದ ದಖ್ಖನ್ನಿನ ಬಗ್ಗೆ ಓದುವುದರಲ್ಲಿ ಬಹುಪಾಲಿಗೆ ಆಧಾರ ಫಿರಿಷ್ತಾ ಎಂಬ ಇತಿಹಾಸಕಾರನ ಗ್ರಂಥ. ಅವನು ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದ್‌ನಲ್ಲಿ. ಚಿಕ್ಕವನಿದ್ದಾಗ ತಂದೆಯ ಜೊತೆ ಅಹಮದ್‌ನಗರಕ್ಕೆ ಬಂದವನು, 1589ರಲ್ಲಿ ಬಿಜಾಪುರಕ್ಕೆ ಬಂದು ಇಬ್ರಾಹಿಮನ ಆಶ್ರಯದಲ್ಲಿ ಇತಿಹಾಸ ಬರೆದ. ಆಸ್ಥಾನದ ದೊಡ್ಡ ಕವಿ ಜುಹೂರಿ ಪರ್ಷಿಯಾದವನು. ಷೇರ್ಜಾ ಬುರುಜಿನ ಮೇಲಿರುವ, ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರಿನಲ್ಲೇ 'ರೂಮಿ' ಅಂತಿದೆ. ಅಂದರೆ ತುರ್ಕಿಯ ಕಡೆಯವನು. ಸುಮಾರು 55 ಟನ್ ತೂಕದ ತೋಪು ಅದು. ಅಷ್ಟು ಲೋಹ ಒಂದೇ ಎರಕಕ್ಕೆ ಹೊಯ್ಯಬಲ್ಲ ಕೈಗೆ ಆಗ ಎಲ್ಲಿ ಹೋದರೂ ಕೆಲಸ ಸಿಗುತ್ತಿತ್ತು.

ಹೀಗೆ ಬಂದವರನ್ನೆಲ್ಲ ಒಟ್ಟಾಗಿ 'ಆಫಾಕಿ'ಗಳು ಅನ್ನುತ್ತಿದ್ದರು, ದಿಗಂತದ ಆಚೆಯವರು ಅಂತ. ಅವರಿಗಿದ್ದ ಇನ್ನೊಂದು ಹೆಸರು 'ಗರೀಬ್'. ನಾವು ಇವತ್ತು ಗರೀಬ ಅಂದರೆ ಬಡವ ಅಂದುಕೊಳ್ಳುತ್ತೇವೆ. ಮೂಲದಲ್ಲಿ ಅದರ ಅರ್ಥ ಅಪರಿಚಿತ, ಪರಸ್ಥಳದವನು. ಕನ್ನಡದಲ್ಲೂ ಹಾಗೇ ಅಲ್ವಾ? 'ಪರದೇಶಿ' ಅಂದರೆ ಬೇರೆ ದೇಶದವನು ಅಂತಲೂ ಹೌದು, ದಿಕ್ಕಿಲ್ಲದವನು ಅಂತಲೂ ಹೌದು. "ಪಾಪ, ಪರದೇಶಿ ಥರ ಬದುಕ್ತಿದಾನೆ" ಅಂತ ನಮ್ಮಜ್ಜಿ ಅನ್ನುತ್ತಿದ್ದಳು. ಒಂದೇ ಮಾತಿಗೆ ಈ ಎರಡು ಅರ್ಥ ಹೇಗೆ ಅಂಟಿಕೊಂಡವು ಎಂದು ಪರದೇಶದಲ್ಲಿ ಮೊದಲ ಚಳಿಗಾಲ ಕಳೆದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಬಂದವರೆಲ್ಲ ತಾವಾಗಿ ಬಂದವರೂ ಅಲ್ಲ. ಆಫ್ರಿಕಾದ ಇಥಿಯೋಪಿಯಾ ಕಡೆಯಿಂದ ಗುಲಾಮರಾಗಿ ಮಾರಾಟವಾಗಿ ಬಂದ ಹಬ್ಶಿಗಳು ಇದ್ದರು. ಅವರಲ್ಲಿ ಕೆಲವರು ಸೈನಿಕರಾಗಿ, ಸರದಾರರಾಗಿ, ಆಡಳಿತಗಾರರಾಗಿ ಬೆಳೆದರು. ಇಬ್ರಾಹಿಂ ಹುಡುಗನಾಗಿದ್ದಾಗ ರಾಜ್ಯಭಾರ ನಡೆಸಿದವನು ದಿಲಾವರ್ ಖಾನ್ ಎಂಬ ಹಬ್ಶಿ. ಮುಂದೆ ಮಹಮ್ಮದ್ ಆದಿಲ್ ಷಾಹನ ಕಾಲದಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ರಾಜ್ಯದ ಅತಿ ದೊಡ್ಡ ಅಧಿಕಾರಿಗಳಲ್ಲಿ ಒಬ್ಬನಾದ. ಅಹಮದ್‌ನಗರದ ಪ್ರಸಿದ್ಧ ಮಲಿಕ್ ಅಂಬರ್ ಕೂಡ ಹೀಗೇ ಮಾರಾಟವಾಗಿ ಬಂದವನು. ಮೇಲೆ ಬಂದ ಹತ್ತು ಹೆಸರು ನಮಗೆ ಗೊತ್ತು. ಹಡಗಿನಲ್ಲಿ ಅವರ ಪಕ್ಕ ಕೂತಿದ್ದ ಸಾವಿರಾರು ಜನರ ಹೆಸರು ಯಾವ ಶಾಸನದಲ್ಲೂ ಇಲ್ಲ.

ಗಂಡ ಹೆಂಡತಿ ನೋಡಿದ ಊರು

ಮೊದಲ ದಿನ ಗೋಲ್ ಗುಂಬಜ್. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಷಾಹನ ಸಮಾಧಿ ಇದು. ಗುಮ್ಮಟದ ಹೊರ ಅಳತೆ ಸುಮಾರು 44 ಮೀಟರ್ ಅಗಲ. ಒಳಗೆ ಒಂದು ಕಂಬವೂ ಇಲ್ಲ. ಒಂದರೊಳಗೊಂದು ಹೆಣೆದುಕೊಂಡ ಕಮಾನುಗಳು ಚೌಕದ ಗೋಡೆಗಳಿಂದ ಮೇಲೆದ್ದು ಗುಮ್ಮಟದ ಭಾರ ಹೊರುತ್ತವೆ. ಸರಿಯಾಗಿ ಇದೇ ಕಾಲಕ್ಕೆ ಆಂಸ್ಟರ್‌ಡ್ಯಾಮ್‌ನವರು ಡಾಮ್ ಚೌಕದಲ್ಲಿ ತಮ್ಮ ನಗರಸಭೆ ಕಟ್ಟಡ ಮುಗಿಸುತ್ತಿದ್ದರು. 1655ರಲ್ಲಿ ಅದರ ಉದ್ಘಾಟನೆ ಆಯಿತು, ಈಗ ಅದು ಅರಮನೆ. ಜೌಗು ನೆಲವಾದ್ದರಿಂದ ಅದಕ್ಕೆ 13,659 ಮರದ ದಿಮ್ಮಿಗಳನ್ನು ನೆಲಕ್ಕೆ ಹೊಡೆದಿದ್ದಾರೆ. ವರ್ಷದ 365 ದಿನದ ಹಿಂದೊಂದು 1, ಮುಂದೊಂದು 9 ಹಾಕಿದರೆ ಲೆಕ್ಕ ಮರೆಯುವುದಿಲ್ಲ ಅಂತ ಇಲ್ಲಿಯ ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ಬಿಜಾಪುರದವರಿಗೆ ಆ ತಾಪತ್ರಯ ಇರಲಿಲ್ಲ. ಗೋಲ್ ಗುಂಬಜ್ ನಿಂತಿರುವುದು ನೇರ ಬಂಡೆಯ ಮೇಲೆ.

ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಒಬ್ಬರಿಗೊಬ್ಬರು ಎದುರು ಬದಿಯಲ್ಲಿ ಕೂತು ಗೋಡೆಗೆ ಬಾಯಿಟ್ಟು ಮಾತಾಡಿದೆವು. ಕೇಳಿಸುತ್ತೆ ಅನ್ನೋದು ನಿಜ. ಆದರೆ ಶಾಲಾ ಮಕ್ಕಳ ದೊಡ್ಡ ಗುಂಪು ಬಂದ ಮೇಲೆ ಗಂಡ ಹೆಂಡತಿಯ ಪಿಸುಮಾತಿಗೆ ಅಲ್ಲಿ ಜಾಗವಿರಲಿಲ್ಲ. ಆವರಣದ ಮ್ಯೂಸಿಯಂನಲ್ಲಿ ಹಳೆಯ ಜಮಖಾನೆ, ಆಯುಧ, ಶಾಸನಗಳ ಜೊತೆ ಚೀನಾದ ಪಿಂಗಾಣಿ ಪಾತ್ರೆಗಳೂ ಇವೆ. ಡೆಲ್ಫ್ಟ್‌ನ ನೀಲಿ ಪಿಂಗಾಣಿ ಅಂತ ನಾವು ಊರಿಗೆ ಕೊಂಡೊಯ್ಯುವ ಸಾಮಾನು ಶುರುವಾದದ್ದೇ ಆ ಚೀನಾದ ಪಾತ್ರೆಗಳನ್ನು ನೋಡಿ. ಬಿಜಾಪುರದ ಸಿರಿವಂತರೂ ಹಾಲೆಂಡಿನ ಸಿರಿವಂತರೂ ಒಂದೇ ಅಂಗಡಿಯ ಗಿರಾಕಿಗಳಾಗಿದ್ದರು ಅನ್ನಿ.

ಎರಡನೇ ದಿನ ತಾಜ್ ಬಾವಡಿ ಮತ್ತು ಇಬ್ರಾಹಿಂ ರೋಜಾ. ಬಾವಡಿ ಕಟ್ಟಿದ್ದು 1620ರಲ್ಲಿ, ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ. ಅದಕ್ಕೂ ಮೊದಲು 1579ರಲ್ಲಿ ಚಾಂದ್ ಬೀಬಿಯ ಹೆಸರಿನಲ್ಲಿ ಚಾಂದ್ ಬಾವಡಿ ಆಗಿತ್ತು. ಇದನ್ನು ಕೇಳಿ ನನ್ನ ಹೆಂಡತಿ, "ನೋಡಿ, ಇಲ್ಲಿಯವರು ಹೆಂಡತಿ ಹೆಸರಲ್ಲಿ ಬಾವಿ ಕಟ್ಟಿಸ್ತಾರೆ. ನೀವು ಮೂರು ವರ್ಷದಿಂದ ಒಂದು ಡಿಶ್‌ವಾಷರ್ ಹಾಕಿಸ್ತೀನಿ ಅಂತಿದೀರಿ" ಅಂದಳು. ಚಾಚಾ ಕುದುರೆಯ ಕಡೆ ಮುಖ ತಿರುಗಿಸಿ ನಕ್ಕರು.

ತಮಾಷೆ ಇರಲಿ, ನೀರು ಈ ಊರಿನ ಜೀವ. ನಾವು ಹೂಫ್‌ಡಾರ್ಪಿನಲ್ಲಿ ಸಮುದ್ರ ಮಟ್ಟಕ್ಕಿಂತ ನಾಲ್ಕೈದು ಮೀಟರ್ ಕೆಳಗೆ ಕೂತು, ಹಗಲೂ ರಾತ್ರಿ ನೀರನ್ನು ಹೊರಗೆ ತಳ್ಳುವ ಪಂಪುಗಳ ದಯೆಯಿಂದ ಬದುಕುವವರು. ಬಿಜಾಪುರದ್ದು ಉಲ್ಟಾ ಲೆಕ್ಕ. ನೀರನ್ನು ಒಳಗೆ ತರಬೇಕು. ಪಶ್ಚಿಮದ ತೊರವಿಯಿಂದ ನೆಲದಡಿಯಲ್ಲಿ ಸುರಂಗ ಕೊರೆದು ನಗರಕ್ಕೆ ನೀರು ಹರಿಸಿದರು. ನೀರಿನ ಒತ್ತಡ ಹದ್ದುಬಸ್ತಿನಲ್ಲಿಡಲು ಅಲ್ಲಲ್ಲಿ 'ಗಂಜ್' ಎಂಬ ಗೋಪುರಗಳನ್ನು ಕಟ್ಟಿದರು. 1651ರಲ್ಲಿ ಬೇಗಂ ತಾಲಾಬ್ ಕಟ್ಟಿ ಅಲ್ಲಿಂದಲೂ ಕೊಳವೆಯಲ್ಲಿ ನೀರು ತಂದರು. ನೆಲದಡಿಯಲ್ಲಿ ನೀರು ಹರಿಸುವ ಈ ವಿದ್ಯೆ ಪರ್ಷಿಯಾದಲ್ಲಿ ಬಹಳ ಹಳೆಯದು. ಜನರ ಜೊತೆ ಅವರಿಗೆ ಗೊತ್ತಿದ್ದ ಕೆಲಸವೂ ಬರುತ್ತದೆ. ಇಲ್ಲಿಯ ಕಂಪನಿಗಳು ನಮ್ಮನ್ನು ಕರೆಸಿಕೊಂಡಿರುವುದೂ ಅದಕ್ಕೇ ತಾನೆ.

ಇಬ್ರಾಹಿಂ ರೋಜಾ ಮೂರು ದಿನದಲ್ಲಿ ನಮಗೆ ಅತಿ ಹೆಚ್ಚು ಹಿಡಿಸಿದ ಜಾಗ. ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿ ಒಂದು ಸಮಾಧಿ, ಒಂದು ಮಸೀದಿ. ಮಲಿಕ್ ಸಂದಲ್ ಎಂಬವನ ಉಸ್ತುವಾರಿಯಲ್ಲಿ ಕಟ್ಟಿದ್ದು. ರಾಣಿಗೆಂದು ಆರಂಭವಾದ ಕಟ್ಟಡದಲ್ಲಿ 1627ರಲ್ಲಿ ಇಬ್ರಾಹಿಮನನ್ನೂ ಮಣ್ಣು ಮಾಡಿದರು. ಕಿಟಕಿಗಳಲ್ಲಿ ಕಲ್ಲಿನ ಜಾಲಿಗಳಿವೆ. ಆ ಜಾಲಿಗಳು ಬರೀ ಚಿತ್ತಾರವಲ್ಲ, ಅಕ್ಷರಗಳು. ಕಲ್ಲು ಕೊರೆದು ಅರಬ್ಬಿ ಅಕ್ಷರಗಳ ನಡುವಿನ ಸಂದಿಯಿಂದ ಬೆಳಕು ಬರುವಂತೆ ಮಾಡಿದ್ದಾರೆ. ಬರೆದುಕೊಟ್ಟವನು ಅಕ್ಷರ ಬಲ್ಲವನು. ಕೊರೆದವನು ಕಲ್ಲು ಬಲ್ಲವನು. ದಖ್ಖನ್ನಿನ ಕಲ್ಲುಕುಟಿಗರು ಇಲ್ಲದೆ, ಪರ್ಷಿಯಾದಿಂದ ಎಂಥ ನಕ್ಷೆ ಬಂದರೂ ಇದು ಕಾಗದದ ಮೇಲೇ ಉಳಿಯುತ್ತಿತ್ತು.

ಈ ಇಬ್ರಾಹಿಂ ವಿಚಿತ್ರ ಮನುಷ್ಯ. ಒಂಬತ್ತನೆಯ ವಯಸ್ಸಿಗೆ, 1580ರಲ್ಲಿ ಪಟ್ಟಕ್ಕೆ ಬಂದವನು. ಸಂಗೀತದ ಹುಚ್ಚು. ದಖ್ಖನಿ ಭಾಷೆಯಲ್ಲಿ 'ಕಿತಾಬ್-ಎ-ನವ್‌ರಸ್' ಎಂಬ ಹಾಡುಗಳ ಪುಸ್ತಕ ರಚಿಸಿದ. ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ, ಗಣಪತಿಯ ಸ್ತುತಿಯೂ ಇದೆ. ಜನ ಅವನನ್ನು ಜಗದ್ಗುರು ಅಂತಲೇ ಕರೆದರು. ಮೊಘಲರ ದೂತನಾಗಿ ಅಸದ್ ಬೇಗ್ ಎಂಬವನು ಸುಮಾರು 1604ರಲ್ಲಿ ಇಲ್ಲಿಗೆ ಬಂದು, ಊರಿನ ಪೇಟೆಯ ಸಂಪತ್ತು ನೋಡಿ ಬೆರಗಾಗಿ ಬರೆದಿದ್ದಾನೆ. ವಾಪಸ್ ಹೋಗುವಾಗ ಅಕ್ಬರನಿಗೆ ತೋರಿಸಲು ಇಲ್ಲಿಂದ ಹೊಗೆಸೊಪ್ಪನ್ನೂ ಕೊಂಡೊಯ್ದ. ಅಮೆರಿಕದ ಗಿಡ, ಪೋರ್ಚುಗೀಸರ ಹಡಗು, ಬಿಜಾಪುರದ ಪೇಟೆ, ಆಗ್ರಾದ ಆಸ್ಥಾನ. ಹಾರ್ಲೆಮ್‌ನ ಹೇಡಾ ಬಂದಿಳಿದದ್ದು ಇಂಥ ಊರಿಗೆ. ಈಗ ಯೋಚಿಸಿದರೆ ಅವನು ಅಲ್ಲೇ ನಿಂತದ್ದರಲ್ಲಿ ಆಶ್ಚರ್ಯವಿಲ್ಲ.

ಒಳಗಿನವರು, ಹೊರಗಿನವರು

ಕತೆ ಇಲ್ಲಿಗೇ ಮುಗಿದಿದ್ದರೆ ಪ್ರವಾಸೋದ್ಯಮ ಇಲಾಖೆಯ ಕರಪತ್ರದ ಹಾಗೆ ಇರುತ್ತಿತ್ತು. ಬಂದವರನ್ನು ಬಿಜಾಪುರ ಯಾವಾಗಲೂ ಹೂಹಾರ ಹಾಕಿ ಬರಮಾಡಿಕೊಂಡಿತು ಎಂದು ತಿಳಿಯಬೇಡಿ.

ದಖ್ಖನ್ನಿನಲ್ಲೇ ಹುಟ್ಟಿ ಬೆಳೆದ ಸರದಾರರು ದಖ್ಖನಿಗಳು; ಹಡಗಿನಿಂದ ಇಳಿದವರು ಆಫಾಕಿಗಳು. ಒಳ್ಳೆಯ ಹುದ್ದೆ ಯಾರಿಗೆ, ಸಂಬಳ ಯಾರಿಗೆ ಹೆಚ್ಚು, ಕಚೇರಿಯಲ್ಲಿ ಯಾರ ಭಾಷೆ ನಡೆಯಬೇಕು, ಇದೇ ನೂರಾರು ವರ್ಷದ ಜಗಳ. ಬೀದರಿನಲ್ಲಿ ಮಹಮೂದ್ ಗವಾನನ ಮೇಲೆ ವಿರೋಧಿಗಳು ಸುಳ್ಳು ಪತ್ರ ಸೃಷ್ಟಿಸಿ, ಸುಲ್ತಾನನಿಗೆ ತೋರಿಸಿ, 1481ರಲ್ಲಿ ಅವನ ತಲೆ ತೆಗೆಸಿದರು. ಬಿಜಾಪುರದಲ್ಲಿ 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೇ ಇಬ್ರಾಹಿಂ, ಬೆರಳೆಣಿಕೆಯವರನ್ನು ಬಿಟ್ಟು ಆಫಾಕಿಗಳನ್ನೆಲ್ಲ ಕೆಲಸದಿಂದ ತೆಗೆದ. ಲೆಕ್ಕಪತ್ರಗಳನ್ನು ಪರ್ಷಿಯನ್‌ನಿಂದ ಸ್ಥಳೀಯ ಭಾಷೆಗೆ ಬದಲಾಯಿಸಿದ. ಕೆಲಸ ಕಳೆದುಕೊಂಡವರಲ್ಲಿ ಬಹಳ ಜನರನ್ನು ಪಕ್ಕದ ವಿಜಯನಗರದ ರಾಮರಾಯ ತನ್ನ ಸೇನೆಗೆ ಸೇರಿಸಿಕೊಂಡ. ಈಗಿನ ಭಾಷೆಯಲ್ಲಿ ಹೇಳುವುದಾದರೆ ಲೇಆಫ್ ಆದವರನ್ನು ಎದುರಿನ ಕಂಪನಿ ತಗೊಂಡಿತು. 1558ರಲ್ಲಿ ಅವನ ಮಗ ಮೊದಲನೇ ಅಲಿ ಬಂದ; ಮತ್ತೆ ಪರ್ಷಿಯನ್ನು, ಮತ್ತೆ ಆಫಾಕಿಗಳು. ಆಮೇಲೆ ದಿಲಾವರ್ ಖಾನನ ಕಾಲದಲ್ಲಿ ಮತ್ತೆ ಅವರಿಗೆ ಕಷ್ಟ.

ಇದನ್ನು ಓದುವಾಗ ನನಗೆ ದಖ್ಖನಿಗಳ ಮೇಲೆ ಸಿಟ್ಟು ಬರಲಿಲ್ಲ. ಯಾಕೆಂದರೆ ಸ್ಥಳೀಯರ ಭಾಷೆಯಲ್ಲಿ ಲೆಕ್ಕ ಇರಲಿ ಅನ್ನುವುದು ಅನ್ಯಾಯದ ಮಾತೇನಲ್ಲ. ಕರ್ನಾಟಕದಲ್ಲಿ ಬ್ಯಾಂಕಿನವರು ಕನ್ನಡದಲ್ಲಿ ಮಾತಾಡಲಿ ಅಂತ ಕೇಳುವವರು ನಾವೇ. ಹೂಫ್‌ಡಾರ್ಪಿನಲ್ಲಿ ಡಾಕ್ಟರು, ಶಾಲೆಯ ಟೀಚರು ಇಂಗ್ಲಿಷಿನಲ್ಲಿ ಮಾತಾಡಲಿ ಅಂತ ನಿರೀಕ್ಷಿಸುವವರೂ ನಾವೇ. ಬಿಜಾಪುರದ ಚರಿತ್ರೆಯಲ್ಲಿ ನಾವು ಎರಡೂ ಕಡೆ ನಿಂತು ನೋಡಬಹುದು. ಊರಿನಲ್ಲಿ ದಖ್ಖನಿಗಳು, ಇಲ್ಲಿ ಆಫಾಕಿಗಳು.

ಇಲ್ಲೂ ಗಾಳಿ ಬದಲಾಗುತ್ತಲೇ ಇರುತ್ತದೆ. 30 ಪರ್ಸೆಂಟ್ ರೂಲಿಂಗ್ ಅನ್ನು ಒಮ್ಮೆ ಕತ್ತರಿಸಿದರು, ಆಮೇಲೆ ಕತ್ತರಿಸಿದ್ದನ್ನು ಸ್ವಲ್ಪ ಹೊಲಿದರು. 2027ರಿಂದ ಅದು 27 ಪರ್ಸೆಂಟ್. ಚುನಾವಣೆ ಬಂದಾಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಏನೇನು ಓಡಾಡುತ್ತದೆ ಅಂತ ನಿಮಗೇ ಗೊತ್ತು. ಹಾಗೆ ನೋಡಿದರೆ ಮೊದಲನೇ ಇಬ್ರಾಹಿಮನ ಆಫಾಕಿಗಳೂ ಸಂಜೆ ಬಾವಡಿಯ ಮೆಟ್ಟಿಲ ಮೇಲೆ ಕೂತು ಇದನ್ನೇ ಮಾತಾಡಿರುತ್ತಾರೆ: ಇಲ್ಲೇ ಮನೆ ತಗೊಳ್ಳೋದಾ, ವಾಪಸ್ ಹೋಗೋದಾ, ಇಲ್ಲ ವಿಜಯನಗರದಲ್ಲಿ ಟ್ರೈ ಮಾಡೋದಾ?

ನವ್‌ರಸ್‌ಪುರದ ದಾರಿಯಲ್ಲಿ

ಮೂರನೇ ದಿನ ಊರಿನಿಂದ ಪಶ್ಚಿಮಕ್ಕೆ, ತೊರವಿಯ ಕಡೆ ಹೋದೆವು. 1599ರಲ್ಲಿ ಇಬ್ರಾಹಿಂ ಅಲ್ಲಿ ನವ್‌ರಸ್‌ಪುರ ಎಂಬ ಹೊಸ ರಾಜಧಾನಿಯನ್ನೇ ಕಟ್ಟಲು ಹೊರಟ. ಸಂಗೀತಗಾರರಿಗೆ, ಕಲಾವಿದರಿಗೆ ಅಲ್ಲಿ ವಿಶೇಷ ಸ್ಥಾನ. ಹೇಡಾ ಬದುಕಿದ ಬಿಜಾಪುರ ಎಂದರೆ ಈ ಕನಸಿನ ಬಿಜಾಪುರವೇ. ಅವನು ಸತ್ತು ಎರಡು ವರ್ಷಕ್ಕೆ, 1624ರಲ್ಲಿ ಮಲಿಕ್ ಅಂಬರ್ ದಂಡೆತ್ತಿ ಬಂದು ನವ್‌ರಸ್‌ಪುರವನ್ನು ಹಾಳುಗೆಡವಿದ. ಈಗ ಉಳಿದಿರುವುದು ಸಂಗೀತ ಮಹಲ್‌ನ ಎತ್ತರದ ಕಮಾನು, ಒಂದಿಷ್ಟು ಗೋಡೆ. ಸುತ್ತ ಹೊಲ. ನಾವು ಹೋದಾಗ ಆಡು ಮೇಯಿಸುವ ಹುಡುಗ ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ.

ಅಲ್ಲಿ ನೆರಳಲ್ಲಿ ಕೂತು ಖಾನಾವಳಿಯಿಂದ ಕಟ್ಟಿಸಿಕೊಂಡು ಬಂದಿದ್ದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಿಂದೆವು. ಚಾಚಾನೂ ಜೊತೆಗೆ ಕೂತರು. ಮೊದಲ ದಿನದಿಂದ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಆಗ ಕೇಳಿದರು.

"ಹೊರದೇಶದಾಗ ಇರ್ತೀರಿ ಅಂದ್ರಿ. ಎಷ್ಟ್ ವರ್ಷ ಆತ್ರೀ ಸರ?"

"ಒಂಬತ್ತು ವರ್ಷ ಆಯ್ತು ಚಾಚಾ."

"ನಮ್ಮ ಮಗಾನೂ ದುಬೈದಾಗ ಅದಾನ್ರೀ. ನಾಕ್ ವರ್ಷ ಆತು. ಎಸಿ ರಿಪೇರಿ ಮಾಡ್ತಾನ. ತಮ್ಮನ ಮನಿಯವ್ರು ಎಲ್ಲಾರೂ ಗೋವಾಕ್ಕ ಹೋಗ್ಯಾರ, ಬಿಲ್ಡಿಂಗ್ ಕೆಲಸಕ್ಕ."

ಹೇಡಾ ಗೋವೆಯಿಂದ ಬಿಜಾಪುರಕ್ಕೆ ಕೆಲಸಕ್ಕೆ ಬಂದ. ಚಾಚಾನ ತಮ್ಮ ಬಿಜಾಪುರದಿಂದ ಗೋವೆಗೆ ಕೆಲಸಕ್ಕೆ ಹೋಗಿದ್ದಾನೆ. 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬ ಬಿಜಾಪುರ ಗೆದ್ದ ಮೇಲೆ ಆಸ್ಥಾನ ಹೋಯಿತು, ಅದನ್ನು ನಂಬಿದ್ದ ಕುಶಲಕರ್ಮಿಗಳು ಹೋದರು, ಊರು ಬರಿದಾಯಿತು. 1885ರಲ್ಲಿ ಬ್ರಿಟಿಷರು ಕಲಾದಗಿಯಿಂದ ಜಿಲ್ಲಾ ಕೇಂದ್ರವನ್ನು ಇಲ್ಲಿಗೆ ತಂದ ಮೇಲೆ ಹಳೆಯ ಮಹಲುಗಳಲ್ಲಿ ಕಚೇರಿಗಳು ಕೂತವು. ಆದರೆ ಮಳೆ ನಂಬಿದ ಜಿಲ್ಲೆ. ಬರ ಬಿದ್ದ ವರ್ಷ ಊರಿಗೆ ಊರೇ ಗುಳೆ ಹೋಗುತ್ತದೆ. ಗೋವೆ, ಪುಣೆ, ಮಂಗಳೂರು, ಬೆಂಗಳೂರು, ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿಗೆ.

ವಾಪಸ್ ಬರುವಾಗ ನನ್ನ ಹೆಂಡತಿ ಅಂದದ್ದು ಇಲ್ಲಿ ಹೇಳಬೇಕು. "ಅವರು ಹೋದರೆ ಗುಳೆ. ನಾವು ಹೋದರೆ ಆನ್‌ಸೈಟ್. ಚಾಚಾನ ಮಗ ಹೋದರೆ ಲೇಬರ್. ನಾವು ಎಕ್ಸ್‌ಪ್ಯಾಟ್."

ಡಚ್ಚರ ಹತ್ತಿರವೂ ಇದಕ್ಕೆ ಎರಡು ಪದಗಳಿವೆ. ನಮ್ಮಂಥವರು 'ಕೆನ್ನಿಸ್‌ಮಿಗ್ರಾಂಟ್', ಅಂದರೆ ಜ್ಞಾನದ ವಲಸಿಗರು. ಗೋದಾಮುಗಳಲ್ಲಿ ಪೆಟ್ಟಿಗೆ ಹೊರುವ, ಗಾಜಿನ ಮನೆಗಳಲ್ಲಿ ಟೊಮೇಟೊ ಕೀಳುವ ಪೋಲೆಂಡ್, ರೊಮೇನಿಯಾದವರು 'ಆರ್ಬೈಟ್ಸ್‌ಮಿಗ್ರಾಂಟ್', ಅಂದರೆ ದುಡಿಮೆಯ ವಲಸಿಗರು. ನಮ್ಮಲ್ಲಿ ಕೆಲವರು ಮೊದಲ ಪದವನ್ನು ಬಿರುದಿನ ಹಾಗೆ ಹೇಳಿಕೊಳ್ಳುತ್ತೇವೆ, ನಾವು ಅವರಂತಲ್ಲ ಅನ್ನುವ ಧಾಟಿಯಲ್ಲಿ. ಇಬ್ರಾಹಿಂ ರೋಜಾದ ಕಿಟಕಿ ನೋಡಿ ಬಂದ ಮೇಲೆ ನನಗೆ ಆ ಧಾಟಿ ಹಿಡಿಸುತ್ತಿಲ್ಲ. ಅಕ್ಷರ ಬರೆದವನಿಲ್ಲದೆ, ಕಲ್ಲು ಕೊರೆದವನಿಲ್ಲದೆ ಆ ಜಾಲಿ ಇಲ್ಲ. ಇನ್ನು ಗಾಳಿ ತಿರುಗಿದ ದಿನ 'ಗರೀಬ್' ಅನ್ನುವ ಹೆಸರು ಕವಿಗೂ ಒಂದೇ, ಸಿಪಾಯಿಗೂ ಒಂದೇ ಆಗಿತ್ತು.

ಉಳಿದದ್ದು

ವಿಜಯಪುರದಲ್ಲಿ ನಮಗೆ ಹೇಡಾನ ಹೆಸರಿನ ಫಲಕ ಎಲ್ಲೂ ಕಾಣಸಿಗಲಿಲ್ಲ. ಅವನ ಸುದ್ದಿ ಇಂದಿಗೂ ತಿಳಿಯುವುದು ಮುಖ್ಯವಾಗಿ ಅವನು ಪತ್ರ ಬರೆದದ್ದರಿಂದ. 1602ರಲ್ಲಿ ಶುರುವಾಗಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯ ವರ್ತಕರಿಗೆ ಅವನು ಬಿಜಾಪುರದಿಂದ ಪತ್ರ ಬರೆಯುತ್ತಿದ್ದ. ಅವನು ಸತ್ತ ಹದಿನೈದು ವರ್ಷಕ್ಕೆ, 1637ರಲ್ಲಿ, ಕಂಪನಿ ಯೋಹಾನ್ ಫಾನ್ ಟ್ವಿಸ್ಟ್ ಎಂಬ ದೂತನನ್ನು ಬಿಜಾಪುರಕ್ಕೆ ಕಳಿಸಿತು. ಆಗ ಬಿಜಾಪುರದ ಸೀಮೆಗೇ ಸೇರಿದ್ದ ವೆಂಗುರ್ಲಾದಲ್ಲಿ ಕಂಪನಿಯ ಕೋಠಿ ಬಂತು. ಕಂಪನಿಯ ಕಾಗದಪತ್ರಗಳು ಹೇಗ್ ನಗರದ ರಾಷ್ಟ್ರೀಯ ದಾಖಲಾಲಯದಲ್ಲಿವೆ. ಕಪಾಟುಗಳನ್ನು ಸಾಲಾಗಿ ಇಟ್ಟರೆ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದ. ನಮ್ಮ ಕರಾವಳಿಯ ಮೆಣಸು, ಅಕ್ಕಿ, ಬಂದರು, ಕೆಳದಿಯ ನಾಯಕರು, ಎಲ್ಲರ ಸುದ್ದಿಯೂ ಆ ಕಪಾಟಿನಲ್ಲಿದೆ. ನಮ್ಮಲ್ಲಿ ಡಚ್ ಕಲಿತವರು ಈಗ ಸಾಕಷ್ಟು ಜನ ಇದ್ದೀರಿ. ನಮ್ಮ ಮಕ್ಕಳಂತೂ ಕನ್ನಡವನ್ನೂ ಡಚ್ಚನ್ನೂ ಒಂದೇ ಉಸಿರಿನಲ್ಲಿ ಮಾತಾಡುತ್ತಾರೆ. ಈ ಎರಡು ಭಾಷೆ ಒಟ್ಟಿಗೆ ಬಲ್ಲವರು ಜಗತ್ತಿನಲ್ಲಿ ಎಷ್ಟು ಜನ ಇರಬಹುದು? ಆ ಕಾಗದಗಳಲ್ಲಿರುವ ಕರ್ನಾಟಕವನ್ನು ಕನ್ನಡಕ್ಕೆ ತರುವ ಕೆಲಸ ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಮಾಡಿದರೆ, ನಾವು ಇಲ್ಲಿಗೆ ಬಂದದ್ದಕ್ಕೆ ಸಂಬಳ ಬಿಟ್ಟು ಇನ್ನೊಂದು ಲೆಕ್ಕ ಸಿಗುತ್ತದೆ.

ಮನೆಯಲ್ಲಿ ನಮ್ಮಿಬ್ಬರ ಹಳೆಯ ಚರ್ಚೆ ಇನ್ನೂ ಮುಗಿದಿಲ್ಲ. ಡಚ್ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ಭಾರತದ್ದನ್ನು ಬಿಡಬೇಕು. ಅವಳಿಗೆ ಶಿವಮೊಗ್ಗದ ತಾಯಿಯ ಚಿಂತೆ, ನನಗೆ ಮಗಳ ಶಾಲೆಯ ಚಿಂತೆ. ವಿಜಯಪುರ ಇದಕ್ಕೆ ಉತ್ತರ ಕೊಡಲಿಲ್ಲ. ಆದರೆ ಪ್ರಶ್ನೆ ನಮ್ಮದೊಬ್ಬರದೇ ಅಲ್ಲ, ಐನೂರು ವರ್ಷದಿಂದ ಸಮುದ್ರದ ಎರಡೂ ದಂಡೆಯಲ್ಲಿ ಜನ ಇದನ್ನೇ ಕೇಳಿಕೊಂಡಿದ್ದಾರೆ ಅನ್ನುವುದು ತಿಳಿದ ಮೇಲೆ ಚರ್ಚೆಯ ಬಿಸಿ ಸ್ವಲ್ಪ ಕಡಿಮೆಯಾಗಿದೆ.

ನೀವೂ ಮುಂದಿನ ಸಲ ಊರಿಗೆ ಹೋದಾಗ ಮೂರು ದಿನ ಎತ್ತಿಡಿ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಏಪ್ರಿಲ್‌ನಲ್ಲಿ ಬಿಸಿಲು ತಡೆಯಲಾಗುವುದಿಲ್ಲ. ಗೋಲ್ ಗುಂಬಜ್‌ಗೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಶಾಲಾ ಮಕ್ಕಳು ಬರುವ ಮೊದಲು ಗಂಡ ಹೆಂಡತಿ ಎರಡು ಮಾತಾಡಬಹುದು. ತೊರವಿಯ ದಾರಿಗೆ ಅರ್ಧ ದಿನ ಇಟ್ಟುಕೊಳ್ಳಿ. ಟಾಂಗಾದವರು ಎಲ್ಲಿಂದ ಬಂದಿರಿ ಅಂತ ಕೇಳಿದಾಗ, ಅವರ ಮನೆಯಿಂದ ಯಾರು ಎಲ್ಲಿಗೆ ಹೋಗಿದ್ದಾರೆ ಅಂತ ನೀವೂ ತಿರುಗಿ ಕೇಳಿ.